ಕಂಬಳಿ ಕಸಿದ ಘೋಷಣೆ

ಎರಡು ವರ್ಷದ ಹಿಂದಿನ ಜನವರಿ. ನಾನಾಗ ದಾಂಡೇಲಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ನಮ್ಮ ಕಾಲೇಜಿನ ಎನ್ನೆಸ್ಸೆಸ್ ಶಿಬಿರ ಜೋಯಿಡಾ ಕಡೆಯ ಒಂದು ಹಳ್ಳಿಯಲ್ಲಿ ಏಳು ದಿನ ನಡೆಯಿತು. ಶಿಬಿರವೆಂದರೆ ಸಾಮಾನ್ಯವಾಗಿ ಗಟಾರ ಬಳಿಯುವುದು, ಗಿಡ ನೆಡುವುದು, ಸಂಜೆಗೆ ಹಾಡು, ಡಾನ್ಸು. ಆ ವರ್ಷ ಹಾಗಾಗಲಿಲ್ಲ. ಊರಿನ ಪಕ್ಕದ ಕಾಡಿನಲ್ಲಿ ಎರಡು ಮೂರು ಮಂಗಗಳು ಸತ್ತುಬಿದ್ದಿದ್ದವು. ಮಂಗನ ಕಾಯಿಲೆ ಇರಬಹುದು, ಜನರಿಗೆ ತಿಳಿಹೇಳಲು ನಿಮ್ಮ ಹುಡುಗರನ್ನು ಕೊಡಿ ಎಂದು ಆರೋಗ್ಯ ಇಲಾಖೆಯವರು ಕೇಳಿದ್ದರಂತೆ. ನಮ್ಮ ಸರ್ ಒಪ್ಪಿಕೊಂಡುಬಿಟ್ಟರು.

ಹೊರಡುವ ಹಿಂದಿನ ದಿನ ಸರ್ ನಮಗೊಂದು ವಿಡಿಯೊ ತೋರಿಸಿದರು. ಆಫ್ರಿಕಾದ ಹಳ್ಳಿಗಳಲ್ಲಿ ನಮ್ಮ ವಯಸ್ಸಿನ ಕಾಲೇಜು ಹುಡುಗರು ಮನೆಮನೆಗೆ ಹೋಗಿ ಸೊಳ್ಳೆಪರದೆ ಕಟ್ಟಿಕೊಡುವುದು, ಮಕ್ಕಳಿಗೆ ಕೈತೊಳೆಯಲು ಕಲಿಸುವುದು. ನೋಡುತ್ತ ನೋಡುತ್ತ ಇಡೀ ಕ್ಲಾಸು ಹಿಂದೆ ತಿರುಗಿ ಲೂಸಿಯ ಮುಖ ನೋಡಿತು. ಲೂಸಿ ಮುಂಡಗೋಡ ತಾಲೂಕಿನವಳು, ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಜನಾಂಗದವಳು. ಅವಳು ತಣ್ಣಗೆ, "ನನ್ನ ಮುಖಾ ಯಾಕ ನೋಡ್ತೀರಿ? ನಾನೂ ಈಗ ನಿಮ್ಮ ಜೋಡಿನ ನೋಡಾಕತ್ತೇನಿ. ನಮ್ಮೂರಿಗೆ ಮುಂಡಗೋಡ ಬಸ್ ಹೋಗ್ತೈತಿ, ವಿಮಾನ ಹೋಗೂದಿಲ್ಲ" ಎಂದಳು. ಸರ್ ಸಹಿತ ನಕ್ಕರು.

ಆ ವಿಡಿಯೊ ನೋಡಿದ ಮೇಲೆ ನನಗಂತೂ ಮೈಯೆಲ್ಲ ಹುರುಪು. ನಾವೂ ಹೀಗೆಯೇ ಜೀವ ಉಳಿಸುವವರು ಎಂದು ಬ್ಯಾಗು ತುಂಬುವಾಗಲೇ ತೀರ್ಮಾನವಾಗಿತ್ತು. ನನ್ನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನನ್ನ ದನಿ ದೊಡ್ಡದು. ಭಾಷಣ ಸ್ಪರ್ಧೆಗಳಲ್ಲಿ ಬಹುಮಾನ ಬೇರೆ ಬಂದಿತ್ತು. ಅಪ್ಪ ಧಾರವಾಡ ಜಿಲ್ಲೆಯಿಂದ ಇಲ್ಲಿಗೆ ಕೆಲಸಕ್ಕೆ ಬಂದವರು, ಮನೆಯಲ್ಲಿ ನಾವಾಡುವುದು ಅಪ್ಪಟ ಆ ಕಡೆಯ ಮಾತು. ಎಣ್ಣೆಗೆ ಎಣ್ಣಿ, ಬೆಣ್ಣೆಗೆ ಬೆಣ್ಣಿ. ಆದರೆ ವೇದಿಕೆ ಹತ್ತಿದರೆ ನನ್ನ ಬಾಯಿಂದ ಒಂದು 'ಐತಿ' ಬೀಳುತ್ತಿರಲಿಲ್ಲ. ಅದು ನನ್ನ ದೊಡ್ಡ ಜಂಬ. ಹಾಗಾಗಿ ಶಿಬಿರದಲ್ಲಿ ಘೋಷಣೆ ಬರೆಯುವ ಮತ್ತು ಮೈಕಿನಲ್ಲಿ ಕೂಗುವ ಕೆಲಸವನ್ನು ಸರ್ ನನಗೇ ಕೊಟ್ಟರು. ಮರಾಠಿ, ಕೊಂಕಣಿ ಎರಡೂ ಬರುತ್ತವೆಂದು ಲೂಸಿಯನ್ನು ನನ್ನ ಜೋಡಿ ಮಾಡಿದರು.

ಮೊದಲ ದಿನ ಒಬ್ಬ ವೈದ್ಯರು ಬಂದು ಎಲ್ಲ ತಿಳಿಸಿದರು. ಕಾಡಿನ ಒಣ ಎಲೆಗಳ ನಡುವೆ ಇರುವ, ದನ ಎಮ್ಮೆಗಳ ಮೈಗೂ ಹತ್ತುವ ರಕ್ತ ಹೀರುವ ಹುಳ ಕಚ್ಚಿದರೆ ಈ ಜ್ವರ ಬರುತ್ತದೆ. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಇಲಾಖೆಯ ಎಣ್ಣೆ ಹಚ್ಚಿಕೊಳ್ಳಬೇಕು. ಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಬರಬೇಕು. ಆ ಹುಳಕ್ಕೆ ನಮ್ಮ ಮನೆಯಲ್ಲಿ ಉಣ್ಣಿ ಅನ್ನುತ್ತೇವೆ. ಮಧ್ಯಾಹ್ನ ಊಟವಾದ ಮೇಲೆ ನಾನು ಶಾಲೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ದೊಡ್ಡದಾಗಿ ಬರೆದೆ: 'ಉಣ್ಣೆಯಿಂದ ದೂರವಿರಿ, ಜ್ವರದಿಂದ ಪಾರಾಗಿರಿ.'

ಡಬ್ಬಿ ಹಿಡಿದು ನಿಂತಿದ್ದ ಲೂಸಿ, "ಉಣ್ಣಿ ಅಂತ ಬರಿಯಲ್ಲ, ಎಲ್ಲಾರಿಗೂ ತಿಳಿತೈತಿ" ಎಂದಳು.

"ಅದು ಆಡುಮಾತು. ಗ್ವಾಡಿ ಮ್ಯಾಲ ಯಾರರೆ ಎಣ್ಣಿ, ಬೆಣ್ಣಿ ಅಂತ ಬರೀತಾರೇನು?" ಎಂದೆ.

"ಬರಕೋ ತಾಯಿ" ಎಂದು ಅವಳು ಡಬ್ಬಿ ನನ್ನ ಕೈಗೇ ಕೊಟ್ಟು ಹೋದಳು.

ಎರಡನೆಯ ದಿನ ಟೆಂಪೊಗೆ ಮೈಕು ಕಟ್ಟಿಕೊಂಡು ಸುತ್ತಲಿನ ವಾಡೆಗಳಿಗೆಲ್ಲ, ಅಂದರೆ ಹತ್ತಿಪ್ಪತ್ತು ಮನೆಗಳ ಕೇರಿಗಳಿಗೆಲ್ಲ ಹೋದೆವು. ಅದೇ ಘೋಷಣೆಯನ್ನು ಎಷ್ಟು ಸಲ ಕೂಗಿದೆನೋ ಲೆಕ್ಕವಿಲ್ಲ. ಗೌಳಿವಾಡೆ ಇದ್ದದ್ದು ರಸ್ತೆಯಿಂದ ಒಳಗೆ, ಅರ್ಧ ತಾಸು ನಡೆಯುವ ದಾರಿ. ಎಮ್ಮೆ ಸಾಕಿ ಹಾಲು ಮಾರುವ ಜನ, ಮನೆಮಾತು ಮರಾಠಿ. ಅಲ್ಲಿಗೆ ಮುಟ್ಟುವಾಗ ಸಂಜೆಯಾಗಿತ್ತು. ಒಳಗೆ ಹೋಗದೆ ರಸ್ತೆಯಿಂದಲೇ ಮೈಕನ್ನು ಆ ಕಡೆ ತಿರುಗಿಸಿ ಕೂಗಿದೆ. ಹಾಲಿನ ಕ್ಯಾನು ಒಯ್ಯಲು ಬಂದಿದ್ದ ನಾಲ್ಕು ಜನರ ಕೈಯಲ್ಲಿ ಎಣ್ಣೆಯ ಬಾಟಲಿಗಳನ್ನು ಕೊಟ್ಟು ಕಳಿಸಿದೆವು. ಲೂಸಿಗೆ ಆ ಹೊತ್ತು ಗಂಟಲು ಕಟ್ಟಿತ್ತು, ಮರಾಠಿಯಲ್ಲಿ ಹೇಳುವುದು ಉಳಿದುಹೋಯಿತು. ನನ್ನ ಕನ್ನಡ ಅಷ್ಟು ಸ್ಪಷ್ಟವಾಗಿರುವಾಗ ಮರಾಠಿ ಯಾಕೆ ಬೇಕು ಎಂದುಕೊಂಡೆ.

ಆರನೆಯ ದಿನ ಬೆಳಗ್ಗೆ ಬೇಗ ಎದ್ದು, ಯಾರಿಗಾದರೂ ಜ್ವರ ಬಂದಿದೆಯೇ ಎಂದು ವಿಚಾರಿಸಲು ನಾನೂ ಲೂಸಿಯೂ ಗೌಳಿವಾಡೆಗೆ ನಡೆದೆವು. ಚಳಿ ಹೇಗಿತ್ತೆಂದರೆ ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿತ್ತು. ವಾಡೆ ಮುಟ್ಟಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಕಂಬಳಿಗಳು. ಪ್ರತಿ ಮನೆಯ ಕಂಬಳಿಯೂ ಹೊರಗೆ, ಮನೆಗಳಿಂದ ಆಚೆ, ಬೇಲಿಯ ಮೇಲೆ, ಪೊದೆಗಳ ಮೇಲೆ. ಹೊದಿಕೆಗಳನ್ನೆಲ್ಲ ಬಿಸಿಲಿಗೆ ಹಾಕಿದ್ದಾರೆ, ನಮ್ಮ ಪ್ರಚಾರ ಎಷ್ಟು ಚೆನ್ನಾಗಿ ನಾಟಿದೆ ಎಂದು ನನಗೆ ಹಿಗ್ಗೋ ಹಿಗ್ಗು. ಮೊಬೈಲು ತೆಗೆದು ನಾಲ್ಕೈದು ಫೋಟೊ ಹೊಡೆದೆ. ಒಬ್ಬ ಗೌಳಿ ಅಂಗಳದಲ್ಲಿ ಕೂತು ನಾವು ಕೊಟ್ಟ ಎಣ್ಣೆಯನ್ನು ಒಂದು ಹಳೆಯ ಕಂಬಳಿಗೆ ತಿಕ್ಕಿ ತಿಕ್ಕಿ ಹಚ್ಚುತ್ತಿದ್ದ. ಅದನ್ನು ನೋಡಿ ನಗು ಬಂತು, ಆದರೆ ಯಾಕೆಂದು ಕೇಳಲಿಲ್ಲ.

ಮೊದಲ ಮನೆಯ ಸೊಸೆ ಸೀತಾ ನಗುನಗುತ್ತ ಎದುರಿಗೆ ಬಂದಳು. "ಬರ್ರಿ ಬಾಯಾರ. ನೀವು ಮೈಕಿನ್ಯಾಗ ಹೇಳಿದ್ದು ಬರೋಬರಿ ಆತು ನೋಡ್ರಿ. ಮರುದಿನಾನ ನಮ್ಮತ್ತಿಗೆ ಜ್ವರಾ ಬಂತು. ತಗೊಂಡು ಹೊರಗ ಒಗದೇವಿ. ಇನ್ನ ಇಳೀತೈತಿ" ಎಂದಳು.

"ಎಷ್ಟ ದಿನಾ ಆತು ಜ್ವರಾ ಬಂದು?" ಎಂದು ಲೂಸಿ ಕೇಳಿದಳು. ಅವಳ ದನಿ ಬದಲಾಗಿತ್ತು.

"ಮೂರು ದಿನಾ ಮುಗದಾವ."

ಲೂಸಿ ಚಪ್ಪಲಿ ಬಿಟ್ಟವಳೇ ಒಳಗೆ ನುಗ್ಗಿದಳು. ನಾನೂ ಹಿಂದೆಯೇ ಹೋದೆ. ಜನಾಬಾಯಿ ಎಂಬ ಆ ಅಜ್ಜಿ ಸಗಣಿ ಸಾರಿಸಿದ ನೆಲದ ಮೇಲೆ ತೆಳು ಚಾಪೆಯಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಮೈಮೇಲೆ ಒಂದು ಹಳೆಯ ನೂಲಿನ ಸೀರೆ, ಅಷ್ಟೇ. ಹಲ್ಲು ಕಟಕಟ ಅನ್ನುತ್ತಿತ್ತು. ಕಣ್ಣು ಕೆಂಪಗಾಗಿತ್ತು. ಹಣೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಅವಳು ಮಾತ್ರ ಒಂದೇ ಸಮನೆ, "ಮಾಝಿ ಘೋಂಗಡಿ... ಮಾಝಿ ಘೋಂಗಡಿ ದೇ" ಎಂದು ಗೊಣಗುತ್ತಿದ್ದಳು.

"ಏನಂತಾಳ?" ಎಂದು ಲೂಸಿಯನ್ನು ಕೇಳಿದೆ.

"ನನ್ನ ಕಂಬಳಿ ಕೊಡು ಅನ್ನಾಕತ್ತಾಳ."

ಲೂಸಿ ಅಜ್ಜಿಯ ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಕಿವಿಯ ಹಿಂದೆ ಹುಡುಕಿದಳು. ಕಿವಿಯ ಹಿಂದೆ ಕೂದಲಿನ ಅಂಚಿಗೆ ಒಂದು ಉಣ್ಣಿ ಸಿಕ್ಕಿತು, ಎಳ್ಳಿಗಿಂತ ತುಸು ದೊಡ್ಡದು. "ಗೋಚೀಡ" ಎಂದು ಅದರ ಮರಾಠಿ ಹೆಸರು ಹೇಳಿ ಸೀತಾಗೆ ತೋರಿಸಿದಳು.

ಸೀತಾ ಅದನ್ನು ನೋಡಿ ಏನೂ ಗಾಬರಿಯಾಗಲಿಲ್ಲ. "ಗೋಚೀಡ ಇರ್ತಾವ ಬಿಡ್ರಿ, ಎಮ್ಮಿ ಮನಿ. ಅತ್ತಿ ದಿನಾ ತರಗೆಲಿ ಆರಿಸಾಕ ಅಡವಿಗೆ ಹೋಗ್ತಿದ್ಲು. ಅದಕ್ಕೇನಾಗ್ತೈತಿ? ಉಣ್ಣೆ ಹೊರಗ ಹಾಕೇವಲ್ಲ."

"ಸೀತಾ, ಉಣ್ಣೆ ಅಂದ್ರ ಏನು?" ಎಂದು ಕೇಳಿದೆ.

"ಇದೇನ ಹಿಂಗ ಕೇಳ್ತೀರಿ ಬಾಯಾರ. ಏಳನೇತ್ತಾ ತನಕ ಕನ್ನಡ ಸಾಲಿ ಕಲ್ತೇನಿ ನಾನು. ಕುರಿ ನಮಗೆ ಉಣ್ಣೆ ಕೊಡುತ್ತದೆ. ಉಣ್ಣೆಯಿಂದ ಕಂಬಳಿ ನೇಯುತ್ತಾರೆ" ಎಂದು ಸೀತಾ ಪಾಠ ಒಪ್ಪಿಸುವ ಹಾಗೆ ಹೇಳಿದಳು. ಇಡೀ ವಾಡೆಗೆ ನನ್ನ ಘೋಷಣೆಯ ಅರ್ಥ ಬಿಡಿಸಿ ಹೇಳಿದ್ದೂ ಅವಳೇ. ಅವಳದೇನೂ ತಪ್ಪಿರಲಿಲ್ಲ. ಅವಳ ಪಾಠವೂ ಸರಿ, ಅವಳ ಕಿವಿಯೂ ಸರಿ. ನನ್ನ ಮಾತು ನಂಬಿ ಹದಿನಾಲ್ಕು ಮನೆಯ ಜನ ಜನವರಿಯ ಚಳಿಯಲ್ಲಿ ಕಂಬಳಿ ಹೊರಗೆಸೆದು ಮಲಗಿದ್ದರು. ಇಷ್ಟು ಮಾಡಿದ್ದೇವಲ್ಲ, ಇನ್ನು ಆಸ್ಪತ್ರೆ ಯಾಕೆ ಎಂದು ಈ ಅಜ್ಜಿಯನ್ನು ಮೂರು ದಿನ ನೆಲದ ಮೇಲೆ ಮಲಗಿಸಿಟ್ಟಿದ್ದರು.

ಲೂಸಿ ನನ್ನ ಮುಖ ನೋಡಿದಳು. ನಾನು ಹೇಳಿರಲಿಲ್ಲವೇ ಎಂದು ಅವಳು ಅನ್ನಬಹುದಿತ್ತು. ಅನ್ನಲಿಲ್ಲ. "ಅಳೂದು ಆಮ್ಯಾಲ. ಗಾಡಿ ಎಲ್ಲಿ ಸಿಗ್ತೈತಿ, ಅದನ್ನ ಕೇಳು" ಎಂದಳು.

ವಾಡೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಆಂಬ್ಯುಲೆನ್ಸು ಕರೆಯುವಂತಿಲ್ಲ. ಹಾಲಿನ ಟೆಂಪೊ ಒಂಬತ್ತಕ್ಕೆ ರಸ್ತೆಯಿಂದ ಹೊರಡುತ್ತದೆ, ಅದು ಹೋದರೆ ಮಧ್ಯಾಹ್ನದ ತನಕ ಬೇರೆ ಗಾಡಿಯಿಲ್ಲ ಎಂದಳು ಸೀತಾ. ಆಗ ಎಂಟೂ ಕಾಲು ದಾಟಿತ್ತು. ಸೀತಾಳ ಗಂಡ ಎಮ್ಮೆ ಹೊಡೆದುಕೊಂಡು ಕಾಡಿಗೆ ಹೋಗಿದ್ದ. ಅಜ್ಜಿ ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಈ ಭಾಗದಲ್ಲಿ ಗಾಡಿ ಬರದ ಊರಿನವರು ರೋಗಿಗಳನ್ನು ಕಂಬಳಿಯ ಜೋಲಿ ಕಟ್ಟಿ, ಬಿದಿರಿಗೆ ತೂಗುಹಾಕಿ, ಹೆಗಲ ಮೇಲೆ ಒಯ್ಯುತ್ತಾರೆ. ಲೂಸಿ ಅದನ್ನೇ ಹೇಳಿದಳು. "ಬಿದಿರು ತರ್ರಿ, ಕಂಬಳಿ ತರ್ರಿ, ಲಗೂನ."

ಬಿದಿರು ಬಂತು. ಕಂಬಳಿ ಬರಲಿಲ್ಲ.

ವಾಡೆಯ ಹಿರಿಯ ಧಾಕ್ಲು ಅಜ್ಜ, ಜನಾಬಾಯಿಯ ಮೈದುನ, ಬಾಗಿಲಿಗೆ ಅಡ್ಡ ನಿಂತಿದ್ದ. ಚಳಿಗೆ ಅವನೂ ಗೋಣಿಚೀಲವನ್ನೇ ಹೊದ್ದಿದ್ದ. "ಜ್ವರಾ ಬಂದಾಕಿಗೆ ಮತ್ತ ಅದರಾಗ ಸುತ್ತತೀರೇನು? ನಾ ಬಿಡೂದಿಲ್ಲ" ಎಂದ.

"ಅಜ್ಜಾ, ಕಂಬಳಿಯಿಂದ ಏನೂ ಆಗೂದಿಲ್ಲ. ನಾ ಹೇಳಿದ್ದು ಗೋಚೀಡದ ಸುದ್ದಿರಿ" ಎಂದೆ.

"ಮೈಕಿನ್ಯಾಗ ಉಣ್ಣೆ ಅಂದ್ರಿ. ಗ್ವಾಡಿ ಮ್ಯಾಲ ಉಣ್ಣೆ ಅಂತ ಬರದೀರಿ. ಈಗ ಗೋಚೀಡ ಅಂತೀರಿ. ಮೈಕಿನ್ಯಾಗ ಹೇಳಿದ್ದು ಖರೆಯೋ, ಈಗ ಬಾಯಿಲೆ ಹೇಳೂದು ಖರೆಯೋ?"

"ಮೈಕಿನ್ಯಾಗ ಹೇಳಿದ್ದು ತಪ್ಪರಿ. ಕೂಗಿದಾಕಿನೂ ನಾನ, ಬರದಾಕಿನೂ ನಾನ. ನನ್ನದ ತಪ್ಪು."

"ನಾಳಿಗೆ ಬಂದು ಇದೂ ತಪ್ಪಾತು ಅಂದ್ರ?"

ಭಾಷಣದಲ್ಲಿ ಬಹುಮಾನ ತಂದವಳಿಗೆ ಒಬ್ಬ ಮುದುಕನನ್ನು ಒಪ್ಪಿಸಲು ಬಾಯಿ ಬರಲಿಲ್ಲ. ಒಳಗೆ ಅಜ್ಜಿಯ ಹಲ್ಲಿನ ಸದ್ದು ಕೇಳುತ್ತಿತ್ತು. ನಾನು ಅಂಗಳ ದಾಟಿ ಓಡಿದೆ. ಬೇಲಿಯಾಚೆ ಪೊದೆಗಳ ಮೇಲಿದ್ದವುಗಳಲ್ಲಿ ಜನಾಬಾಯಿಯ ಕಂಬಳಿ ಯಾವುದೆಂದು ಕೇಳಿ, ಅದನ್ನು ಎಳೆದೆ. "ಮೊದಲು ಝಾಡಿಸು, ನೋಡು" ಎಂದು ಲೂಸಿ ಹಿಂದಿನಿಂದ ಕೂಗಿದಳು. ಝಾಡಿಸಿದೆ, ಎರಡೂ ಮಗ್ಗುಲು ತಿರುವಿ ನೋಡಿದೆ, ತಂದು ಧಾಕ್ಲು ಅಜ್ಜನ ಎದುರಿಗೆ ನಿಂತು ತಲೆಯ ಮೇಲಿಂದ ಹೊದ್ದುಕೊಂಡೆ. ಮೂಗು, ಬಾಯಿ, ಕೆನ್ನೆ ಎಲ್ಲ ಅದರಲ್ಲೇ ಒರೆಸಿಕೊಂಡೆ. ಹೊಗೆಯ ವಾಸನೆ, ಎಮ್ಮೆಯ ವಾಸನೆ, ಅಜ್ಜಿಯ ತಲೆಯೆಣ್ಣೆಯ ವಾಸನೆ. "ನನಗೂ ಒಬ್ಬ ಅವ್ವ ಅದಾಳ್ರಿ ಅಜ್ಜಾ. ಜ್ವರಾ ಬರೂದಿದ್ರ ನಾ ಇದನ್ನ ಮೈಮ್ಯಾಲ ಹಾಕ್ಕೋತಿದ್ನೇನು?" ಎಂದೆ. ನನಗೆ ಗೊತ್ತಿಲ್ಲದೆಯೇ ಮನೆಯ ಮಾತು ಬಂದುಬಿಟ್ಟಿತ್ತು.

ಧಾಕ್ಲು ಅಜ್ಜ ಏನು ಹೇಳುತ್ತಿದ್ದನೋ ಗೊತ್ತಿಲ್ಲ. ಅಷ್ಟರಲ್ಲಿ ತೆರೆದ ಬಾಗಿಲಿನಿಂದ ಜನಾಬಾಯಿ ನನ್ನನ್ನು ನೋಡಿದಳು. ಎಲ್ಲಿಂದ ಶಕ್ತಿ ಬಂತೋ, ಮೊಣಕೈ ಊರಿ ತಲೆಯೆತ್ತಿ ಮರಾಠಿಯಲ್ಲಿ ಬೈಗುಳ ಶುರುಮಾಡಿದಳು. ಅದರಲ್ಲಿ 'ಚೋರ್' ಎಂಬುದೊಂದು ನನಗೆ ತಿಳಿಯಿತು. ಅಂಗಳದಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಧಾಕ್ಲು ಅಜ್ಜ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. "ಕೊಡು ಆಕಿದು ಆಕಿಗೆ" ಎಂದ.

ಆಮೇಲಿನದೆಲ್ಲ ಓಟ. ಅಜ್ಜನ ಇಬ್ಬರು ಮಕ್ಕಳು ಜೋಲಿ ಕಟ್ಟಿ ಹೆಗಲಿಗೇರಿಸಿದರು. ಲೂಸಿ ಟೆಂಪೊ ನಿಲ್ಲಿಸಲೆಂದು ಮುಂದೆ ಓಡಿದಳು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಕಾಣದಾದಳು. ನಾನೂ ಸೀತಾಳೂ ಜೋಲಿಯ ಎರಡು ಬದಿಗೆ ಓಡುತ್ತ, ಅದು ತೂಗಾಡದಂತೆ ಹಿಡಿದುಕೊಂಡೆವು. ಇಳಿಜಾರಿನಲ್ಲಿ ಕಾಲು ಜಾರಿ ಎರಡು ಸಲ ಬಿದ್ದೆ. ಏಳುವಾಗ ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟೆ. ಹಳ್ಳ ದಾಟುವಾಗ ನೀರು ಮೊಣಕಾಲಿಗೆ ಬಂತು, ಗಂಡಸರು ಬಿದಿರನ್ನು ತಲೆಯ ಮೇಲೆ ಎತ್ತಿ ಹಿಡಿದರು. "ಆಯಿ, ಮಾತಾಡ್ರಿ. ಬೈರಿ ನನಗ" ಎಂದು ನಾನು ದಾರಿಯುದ್ದಕ್ಕೂ ಅಜ್ಜಿಗೆ ಹೇಳುತ್ತಲೇ ಇದ್ದೆ. ಅವಳು ಬೈಯುವುದನ್ನು ನಿಲ್ಲಿಸಿದ್ದಳು. ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದಳು.

ರಸ್ತೆ ಕಂಡಾಗ ನನಗೆ ಅಳು ನಗು ಒಟ್ಟಿಗೇ ಬಂತು. ಟೆಂಪೊ ಗುರುಗುಡುತ್ತ ನಿಂತಿತ್ತು. ಅದರ ಎದುರಿಗೆ, ನಡುರಸ್ತೆಯಲ್ಲಿ, ಲೂಸಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಡ್ರೈವರ್ ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಿ ಕೆಳಗಿಳಿದಿದ್ದ. ಜೋಲಿ ನೋಡಿದವನೇ, "ಮೊದಲ ಹೇಳಬೇಕಿಲ್ಲೇನವಾ? ಹತ್ತಸ್ರಿ, ಹತ್ತಸ್ರಿ" ಎಂದ. ಲೂಸಿ ಹೇಳಿಯೇ ಇದ್ದಳಂತೆ, ಅವನು ನಂಬಿರಲಿಲ್ಲ. ಗಾಡಿಯ ತುಂಬ ಹಾಲಿನ ಕ್ಯಾನು. ಜಾಗವಿಲ್ಲ. ಅಷ್ಟೂ ಆ ವಾಡೆಯವರದೇ, ಆ ದಿನದ ಹಾಲು. ಹಿಂದಿನಿಂದ ಏದುಸಿರು ಬಿಡುತ್ತ ಬಂದ ಧಾಕ್ಲು ಅಜ್ಜ ಒಂದು ಕ್ಷಣವೂ ಯೋಚಿಸಲಿಲ್ಲ. "ಇಳಸ್ರಿ" ಎಂದ. ಕ್ಯಾನುಗಳೆಲ್ಲ ರಸ್ತೆಯ ಪಕ್ಕಕ್ಕಿಳಿದವು, ಜನಾಬಾಯಿ ಮೇಲೇರಿದಳು.

ಸ್ವಲ್ಪ ದೂರ ಹೋದ ಮೇಲೆ ಸಿಗ್ನಲ್ ಸಿಕ್ಕಿತು. ಸರ್‌ಗೆ ಫೋನು ಮಾಡಿದೆ, ಅವರು ವೈದ್ಯರಿಗೆ ಮಾಡಿದರು. ನಾವು ದಾಂಡೇಲಿ ಮುಟ್ಟುವಾಗ ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಸಿದ್ಧವಾಗಿತ್ತು. ವೈದ್ಯರು ನೋಡಿ, ರಕ್ತ ತೆಗೆದು, ಸಲೈನ್ ಹಚ್ಚಿ ಹೊರಗೆ ಬಂದರು. "ಇವತ್ತು ತಂದದ್ದು ಚಲೋ ಆತು. ಇನ್ನೊಂದೆರಡು ದಿನ ಹಂಗ ಬಿಟ್ಟಿದ್ರ ನಾ ಏನೂ ಹೇಳಾಕ ಆಗ್ತಿರಲಿಲ್ಲ. ಈಗೂ ನಾಲ್ಕು ದಿನ ಕಾಯಬೇಕು" ಎಂದರು. ಸೀತಾ ನನ್ನ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ನನ್ನ ಕೈಯನ್ನೇ ಯಾಕೆ ಹಿಡಿದುಕೊಂಡಳೋ.

ಅಂದು ಮಧ್ಯಾಹ್ನ ಮತ್ತೆ ಟೆಂಪೊಗೆ ಮೈಕು ಕಟ್ಟಿದೆವು. ಈ ಸಲ ಕಾಗದವಿಲ್ಲ, ಪ್ರಾಸವಿಲ್ಲ. "ಮೊನ್ನೆ ಕೂಗಿದಾಕಿ ನಾನರಿ. ತಪ್ಪು ಹೇಳೇನಿ. ಕಂಬಳಿ ಹೊಚ್ಚಿಕೊಳ್ರಿ, ಏನೂ ಆಗೂದಿಲ್ಲ. ನಾ ಹೇಳಬೇಕಾಗಿದ್ದು ಉಣ್ಣಿ. ಎಮ್ಮಿ ಮೈಮ್ಯಾಲ ಇರ್ತಾವಲ್ಲ, ಅವು. ಎಣ್ಣಿ ಕಾಲಿಗೆ ಹಚ್ಚಿಕೊಳ್ರಿ, ಕಂಬಳಿಗಲ್ಲ" ಎಂದೆ. ಆಮೇಲೆ ಲೂಸಿ ಮರಾಠಿಯಲ್ಲಿ, ಕೊಂಕಣಿಯಲ್ಲಿ ಹೇಳಿದಳು. ಈ ಸಲ ವಾಡೆಗಳ ಒಳಗೆ ನಡೆದು ಹೋಗಿ, ಹುಳವನ್ನು ಬಾಟಲಿಯಲ್ಲಿ ಹಾಕಿ ಮನೆಮನೆಗೆ ತೋರಿಸಿದೆವು. ಇದಕ್ಕೆ ನೀವೇನಂತೀರಿ ಎಂದು ಕೇಳಿ, ಅವರು ಹೇಳಿದ ಮೇಲೆ ಉಳಿದ ಮಾತು. ಶಾಲೆಯ ಗೋಡೆಗೆ ಸುಣ್ಣ ಬಳಿದು ಆ ಹುಳದ ದೊಡ್ಡ ಚಿತ್ರ ಬರೆದದ್ದು ಲೂಸಿ. ನಾನು ಡಬ್ಬಿ ಹಿಡಿದು ನಿಂತೆ. ಆಮೇಲೆ ಒಬ್ಬ ಮೇಷ್ಟ್ರು, ನಿಘಂಟಿನಲ್ಲಿ ಉಣ್ಣೆ ಎಂಬ ಪದಕ್ಕೆ ಆ ಹುಳದ ಅರ್ಥವೂ ಇದೆ, ನಿಂದೇನು ತಪ್ಪಲ್ಲ ಎಂದು ಸಮಾಧಾನ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ.

ರಕ್ತದ ವರದಿ ಬಂತು, ಅದೇ ಜ್ವರ. ಮತ್ತೆ ಮೂರು ದಿನ ನನಗೆ ಊಟ ಸೇರಲಿಲ್ಲ. ಕಾಲೇಜು ಮುಗಿದ ಕೂಡಲೇ ಆಸ್ಪತ್ರೆಗೆ ಓಡುತ್ತಿದ್ದೆ. ಐದನೆಯ ದಿನ ಜ್ವರ ಇಳಿಯಿತು. ಅಂದು ಸೀತಾ ವಾರ್ಡಿನ ಬಾಗಿಲಿಂದಲೇ ಕೈಬೀಸಿ ನಕ್ಕಾಗ ನಾನೂ ಲೂಸಿಯೂ ಆಸ್ಪತ್ರೆಯ ಅಂಗಳದಲ್ಲಿ ಚಿಕ್ಕ ಮಕ್ಕಳ ಹಾಗೆ ಕುಣಿದೆವು. ಕಾವಲಿನವರು ಬೈದರು. ಇನ್ನೊಂದು ವಾರಕ್ಕೆ ಜನಾಬಾಯಿಯನ್ನು ಮನೆಗೆ ಕಳಿಸಿದರು.

ಕಾಲೇಜಿನಲ್ಲಿ ನಮ್ಮಿಬ್ಬರಿಗೂ ಸನ್ಮಾನ ಮಾಡಿದರು. ಜೀವ ಉಳಿಸಿದ ವಿದ್ಯಾರ್ಥಿನಿಯರು ಎಂದು ಹೊಗಳಿದರು, ಶಾಲು ಹೊದಿಸಿದರು. ಮರುದಿನ ಆ ಶಾಲು ತೆಗೆದುಕೊಂಡು ನಾನು ಗೌಳಿವಾಡೆಗೆ ಹೋದೆ. ಜನಾಬಾಯಿ ಬಿಸಿಲಿಗೆ ಕೂತಿದ್ದಳು, ಸೊರಗಿದ್ದಳು, ಕಂಬಳಿ ಹೊದ್ದಿದ್ದಳು. ಶಾಲನ್ನು ಬೆರಳಲ್ಲಿ ಮುಟ್ಟಿ ನೋಡಿ, ತೆಳ್ಳಗಿದೆ ಎಂದು ಸೊಸೆಯ ಕೈಗೆ ಕೊಟ್ಟಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಮರಾಠಿ ಬೆರೆತ ಕನ್ನಡದಲ್ಲಿ, "ನೀ ನನ್ನ ಜೋಲಿ ಹಿಡ್ಕೊಂಡು ಓಡಿದಿ ಅಂತ ಸೀತಾ ಸಾಂಗತಾಳ. ದಾರ್ಯಾಗ ಬಿದ್ದಿ ಅಂತಾಳ. ನಂಗ ಅದೇನ ಯಾದ ಇಲ್ಲ ಪೋರಿ. ಥಂಡಿ ಅಷ್ಟ ಯಾದ ಐತಿ. ಭಾಳ ಥಂಡಿ" ಎಂದಳು. ಅದರಲ್ಲಿ ದೂರಿರಲಿಲ್ಲ. ಇದ್ದದ್ದನ್ನು ಹೇಳಿದ್ದಳು ಅಷ್ಟೇ.

ಈಗ ಆ ಓಟದ ಕಥೆಯನ್ನು ಗೆಳತಿಯರು ಎಷ್ಟು ಸಲ ಹೇಳಿಸುತ್ತಾರೋ ಅಷ್ಟು ಸಲವೂ ನಾನು ಖುಷಿಯಿಂದಲೇ ಹೇಳುತ್ತೇನೆ, ಲೂಸಿ ರಸ್ತೆಯಲ್ಲಿ ಕೂತದ್ದನ್ನು ನಟಿಸಿಯೂ ತೋರಿಸುತ್ತೇನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಜನಾಬಾಯಿಗೆ ನೆನಪಿರುವುದು ನಾನು ಓಡಿದ್ದಲ್ಲ, ಆ ಮೂರು ದಿನದ ಚಳಿ. ಅವಳಿಗೆ ಆ ಚಳಿ ಕೊಟ್ಟವಳು ನಾನೇ.